ಎಣ್ಣೆಕೈಯ ಪ್ರೇಮಲೀಲಮ್ಮ

ನನ್ನ ಬಲಗೈ ಮೇಲೇಳದೆ ಹೋದದ್ದು ತೊಂಬತ್ತೇಳನೇ ಇಸವಿಯಲ್ಲಿ. ಆಗ ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲಿನ ಅರ್ಧ ನನಗೆ ಎಟುಕುತ್ತಿರಲಿಲ್ಲ. ಕೆಳಗಿನ ಅರ್ಧದಲ್ಲೇ ಬರೆದು, ಒರೆಸಿ, ಮತ್ತೆ ಬರೆದು ದಿನ ದೂಡುತ್ತಿದ್ದೆ. ಜಡೆ ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರ ಕೈ ಬೇಕಾಗಿತ್ತು. ಮಾತ್ರೆ ನುಂಗಿದ್ದಾಯಿತು, ಭುಜಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಂಡದ್ದಾಯಿತು. ಕೊನೆಗೆ, ಕೃಷ್ಣಮೂರ್ತಿಪುರಂನಲ್ಲಿ ನಮ್ಮ ರಸ್ತೆಯ ತುದಿಯಲ್ಲೇ ಇದ್ದ ಲಕ್ಷ್ಮೀನರಸಿಂಹ ಪಂಡಿತರ ಆಯುರ್ವೇದ ಚಿಕಿತ್ಸಾಲಯಕ್ಕೆ ಹೋದೆ. ಇಷ್ಟು ಹತ್ತಿರ ಇದ್ದದ್ದಕ್ಕೇ ಇರಬೇಕು, ಅಲ್ಲಿಯವರೆಗೂ ಅದು ನನಗೆ ಹೊಳೆದಿರಲಿಲ್ಲ.

ಪಂಡಿತರು ಕೈಯನ್ನು ಹಿಡಿದು ಆಡಿಸಿ ನೋಡಿದರು. ಸಕ್ಕರೆ ಕಾಯಿಲೆ ಇದೆಯೇ, ಬಿದ್ದಿದ್ದಿರಾ ಎಂದೆಲ್ಲ ವಿಚಾರಿಸಿ, "ಒಳಗೆ ಪ್ರೇಮಲೀಲಮ್ಮ ಇದ್ದಾರೆ, ಹೋಗಿ" ಎಂದರು.

ಒಳಕೋಣೆಯಲ್ಲಿ ಉದ್ದನೆಯ ಮರದ ಹಲಗೆ, ಪಕ್ಕದಲ್ಲಿ ಸೀಮೆಎಣ್ಣೆ ಸ್ಟವ್ವು, ಅದರ ಮೇಲೆ ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದ ಎಣ್ಣೆ ಬಟ್ಟಲು. ಹಣೆಗೆ ವಿಭೂತಿ ಇಟ್ಟುಕೊಂಡ, ನಲವತ್ತು ಮುಟ್ಟಿರಬಹುದಾದ ಹೆಂಗಸೊಬ್ಬಳು ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದಳು. ನಾನು ಬಾಗಿಲಲ್ಲೇ ಹಿಂದುಮುಂದು ನೋಡಿದೆ. ಆಕೆ ಸ್ಟೂಲು ತೋರಿಸಿದಳು.

"ಕುಂತ್ಕೊಳಿ. ಮೊದಲು ಎಲ್ಲಾ ಹೇಳ್ಬುಡ್ತೀನಿ. ಆಮೇಲೆ ಇಷ್ಟ ಇದ್ರೆ ಮಲಗಿ, ಇಲ್ದಿದ್ರೆ ಎದ್ದೋಗಿ, ನಾನೇನೂ ಅನ್ಕೊಳಲ್ಲ. ಬಾಗಿಲಿಗೆ ಒಳಗಿಂದ ಚಿಲಕ ಹಾಕ್ತೀನಿ. ಪಂಡಿತರೂ ಬರಲ್ಲ. ಸೀರೆ ತೆಗೆದು ಈ ಪಂಚೆ ಸುತ್ಕೊಳಿ. ಎಲ್ಲಿಗೆ ಎಣ್ಣೆ ಹಚ್ತೀನೋ ಅಷ್ಟೇ ಸರಿಸ್ತೀನಿ, ಮಿಕ್ಕಿದ್ದೆಲ್ಲ ಮುಚ್ಚಿರ್ತದೆ. ಎಣ್ಣೆ ಬೆಚ್ಚಗಿರ್ತದೆ, ಸುಡ್ತದೆ ಅನ್ಸುದ್ರೆ ಬಾಯ್ಬುಟ್ಟು ಹೇಳಿ. ನೋವಾದ್ರೂ ಹೇಳಿ. ಹಲ್ಕಚ್ಕೊಂಡು ಮಲಗಿದ್ರೆ ಯಾರೂ ಬಹುಮಾನ ಕೊಡಲ್ಲ. ಹೊಟ್ಟೆತುಂಬ ಉಂಡ್ಕೊಂಡು ಬರಬ್ಯಾಡಿ. ಜ್ವರ ಇದ್ರೆ ಬರಲೇಬ್ಯಾಡಿ. ಯಾವ್ದಾದ್ರೂ ಮಾತ್ರೆ ನುಂಗ್ತಿದ್ರೆ ಈಗ್ಲೇ ಹೇಳಿ. ಇವತ್ತು ಮನೆಗೋದ್ಮೇಲೆ ಮೈಯೆಲ್ಲ ಬಡಿದಾಕಿದಂಗೆ ಆಗ್ತದೆ, ಹೆದರಬ್ಯಾಡಿ. ಒಂದೇ ದಿವಸಕ್ಕೆ ಕೈ ಎದ್ದುಬುಡ್ತದೆ ಅಂತನೂ ತಿಳ್ಕಬ್ಯಾಡಿ. ಕೆಲವ್ರಿಗೆ ಅಳು ಬರ್ತದೆ. ಬಂದ್ರೆ ಅತ್ಬುಡಿ. ನಾನು ಯಾಕೆ ಅಂತ ಕೇಳಲ್ಲ."

ಬಸ್ ಕಂಡಕ್ಟರು ಊರುಗಳ ಹೆಸರು ಕೂಗುವಂತೆ, ಎಲ್ಲೂ ಏರಿಳಿತವಿಲ್ಲದೆ ಇಷ್ಟನ್ನೂ ಹೇಳಿ ಮುಗಿಸಿದಳು. ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ. ಆದರೂ ಅದನ್ನು ಕೇಳಿದ ಮೇಲೆ ನನ್ನ ಎದೆ ಸ್ವಲ್ಪ ಹಗುರಾಯಿತು. ಪಂಚೆ ಸುತ್ತಿಕೊಂಡು ಮಲಗಿದೆ.

ಮೊದಲು ನೋವಿಲ್ಲದ ಎಡಗೈಗೆ ಎಣ್ಣೆ ಹಚ್ಚಿದಳು. ಇದ್ಯಾಕೆ ಎಂದರೆ, "ನನ್ನ ಕೈ ಎಂಗದೆ ಅಂತ ನಿಮ್ಮೈಗೆ ಗೊತ್ತಾಗ್ಲಿ" ಎಂದಳು. ಬಗ್ಗುವಾಗ ಕೊರಳಲ್ಲಿದ್ದ ಲಿಂಗದ ಕರಡಿಗೆ ನನ್ನ ಮೇಲೆ ತೂಗಬಾರದೆಂದು ಅದನ್ನು ಬೆನ್ನಿನ ಕಡೆಗೆ ತಳ್ಳಿಕೊಳ್ಳುತ್ತಿದ್ದಳು. ಆಮೇಲೆ ಬಲಭುಜಕ್ಕೆ ಬಂದಳು. ಹೆಬ್ಬೆರಳು ಊರಿ ಮೂಳೆಯ ಅಂಚಿನುದ್ದಕ್ಕೂ ನೀವಿದಾಗ ಕಣ್ಣಲ್ಲಿ ನೀರು ಬಂತು. ಅದು ಬರೀ ನೋವಿನ ನೀರು. ನಿಜವಾದ ಅಳು ಬಂದದ್ದು ಮೂರ್ನಾಲ್ಕು ದಿನ ಕಳೆದ ಮೇಲೆ, ಅದೂ ಆಕೆ ಕತ್ತಿನ ಹಿಂಭಾಗಕ್ಕೆ ಮೆಲ್ಲಗೆ ಎಣ್ಣೆ ಹಚ್ಚುತ್ತಿದ್ದಾಗ. ಅಮ್ಮ ತೀರಿಕೊಂಡ ಮೇಲೆ ಯಾರೂ ನನಗೆ ಹೀಗೆ ಎಣ್ಣೆ ಹಚ್ಚಿರಲಿಲ್ಲ ಎನ್ನುವುದು ಆಗ ನೆನಪಾಯಿತು. ಹಲಗೆಯ ಮೇಲೆ ಮಗುಚಿ ಮಲಗಿಯೇ ಬಿಕ್ಕಿದೆ. ಪ್ರೇಮಲೀಲಮ್ಮ ಮಾತಿಗೆ ತಪ್ಪಲಿಲ್ಲ. ಏನೂ ಕೇಳಲಿಲ್ಲ. ಕೈ ಮಾತ್ರ ನಿಲ್ಲಿಸದೆ ಆಡಿಸುತ್ತಿದ್ದಳು.

ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಬರುವ ನಡುವೆ ಆಕೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತಿರುತ್ತಿದ್ದಳು. ಎರಡೂ ಕೈಗಳನ್ನು ಮಂಡಿಯ ಆಚೆಗೆ ಇಳಿಬಿಟ್ಟು, ಅವು ತನ್ನವಲ್ಲವೇನೋ ಎಂಬಂತೆ ನೋಡುತ್ತ ಕೂತಿರುತ್ತಿದ್ದಳು. ಒಳಗಿನಿಂದ ಕರೆ ಬಂದರೆ "ಬಂದೆ" ಎನ್ನುತ್ತಿದ್ದಳು. ಏಳುವುದಕ್ಕೆ ಮಾತ್ರ ಇನ್ನೊಂದು ಚೂರು ಹೊತ್ತು ಹಿಡಿಯುತ್ತಿತ್ತು.

ದಸರಾ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ನನ್ನ ಕೈ ಕಪ್ಪುಹಲಗೆಯ ಮೇಲಂಚನ್ನು ಮುಟ್ಟಿತು. ಆಮೇಲೂ ತಿಂಗಳಿಗೊಮ್ಮೆ ಹೋಗುವ ಅಭ್ಯಾಸ ಉಳಿಯಿತು. ಅವಳ ಕಥೆ ನನಗೆ ತಿಳಿದದ್ದು ಹಾಗೆ, ಭುಜಕ್ಕಿಷ್ಟು ಬೆನ್ನಿಗಿಷ್ಟು ಎಂಬಂತೆ ಚೂರುಚೂರಾಗಿ.

ಗಂಡ ಶಿವರುದ್ರಪ್ಪ ಸಂತೇಪೇಟೆಯ ಬೆಲ್ಲದ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮುತ್ತಿನಂಥ ಅಕ್ಷರವಂತೆ. ತೊಂಬತ್ತನೇ ಇಸವಿಯಲ್ಲಿ ಒಂದು ಬೆಳಗ್ಗೆ ಮಂಡಿಯಲ್ಲಿ ಮೂಟೆಗಳ ಮೇಲೆ ಕುಸಿದು ಬಿದ್ದರು. ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಲಕ್ಷ್ಮೀನರಸಿಂಹ ಪಂಡಿತರು ನೋಡಿ, ಎಣ್ಣೆ ನೀವಲು ಹುಚ್ಚಯ್ಯ ಎಂಬುವನನ್ನು ಗೊತ್ತುಮಾಡಿದರು. ಹುಚ್ಚಯ್ಯ ಹಳೆಯ ಗರಡಿಯವನು, ಪೈಲ್ವಾನರ ಮೈ ತಿಕ್ಕಿ ಪಳಗಿದವನು. ಅವನು ಬರುವಷ್ಟು ದಿನ ಪ್ರೇಮಲೀಲಮ್ಮ ಎಣ್ಣೆ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತು ನೋಡಿದಳು. ಅವನು ಬರದ ದಿನ ತಾನೇ ನೀವಿದಳು. ಕೊನೆಕೊನೆಗೆ ಅವನು ಬರುವುದೇ ನಿಂತಿತು.

"ಒಂದು ವರ್ಷ ಮರದ ಕೊಂಬೆಗೆ ಎಣ್ಣೆ ಹಚ್ದಂಗೆ ಹಚ್ದೆ ಕಣ್ರೀ" ಎಂದಿದ್ದಳು ಒಮ್ಮೆ. "ಒಂದಿನ ಬೆಳಗ್ಗೆ ನೋಡ್ತೀನಿ, ಕಿರುಬೆರಳು ಹಾಸಿಗೆ ಬಟ್ಟೇನ ಕೆರೀತಾ ಅದೆ. ನಾನು ಕೂಗ್ಲೂ ಇಲ್ಲ, ಕರೀಲೂ ಇಲ್ಲ. ಕೂಗುದ್ರೆ ನಿಂತೋಗ್ಬುಡ್ತದೇನೋ ಅಂತ ಭಯ."

ಕೋಲು ಹಿಡಿದು ನಡೆಯುವಂತಾದರು. ಕೈ ಭುಜದವರೆಗೆ ಏಳುತ್ತಿತ್ತು. ಆದರೆ ಬರೆಯಲು ಬರಲಿಲ್ಲ. ಮಂಡಿಯವರು ಇನ್ನೊಬ್ಬನನ್ನು ಇಟ್ಟುಕೊಂಡಿದ್ದರು. ಮಗಳು ರಕ್ಷಿತಾ ಆಗ ಪುಟ್ಟ ಹುಡುಗಿ. ಮನೆ ನಡೆಯುವುದು ಹೇಗೆ ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಪಂಡಿತರೇ ಕೇಳಿದರು: "ನಮ್ಮಲ್ಲಿ ಹೆಂಗಸರಿಗೆ ಅಭ್ಯಂಗ ಮಾಡೋರು ಯಾರೂ ಇಲ್ಲಮ್ಮ. ಕಲಿಸಿಕೊಡ್ತೀನಿ, ಬರ್ತೀಯಾ?"

ಕಲಿಯುವುದು ಸುಲಭವಾಗಲಿಲ್ಲ. ಗಂಡನ ಸತ್ತ ಕೈಯನ್ನು ನೀವಿ ಅಭ್ಯಾಸವಾದವಳಿಗೆ ಎಲ್ಲರ ಮೈಯನ್ನೂ ಒತ್ತಿಯೇ ನೀವಬೇಕೆಂಬ ಹುಮ್ಮಸ್ಸು. ಸೇರಿದ ಹೊಸದರಲ್ಲೇ ಒಬ್ಬ ಮುದುಕಿಯ ತೊಡೆ ನೀಲಿಗಟ್ಟಿತು. ಆಕೆ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದವರು, ಇವಳು ಕೇಳಿಯೇ ಇರಲಿಲ್ಲ. ಪಂಡಿತರು ಆ ಮುದುಕಿಯ ಮನೆಗೆ ತಾವೇ ಹೋಗಿ ಕ್ಷಮೆ ಕೇಳಿ ಬಂದರು. ಇವಳನ್ನು ಎಷ್ಟೋ ದಿನ ಬರೀ ಪಾದಕ್ಕೆ ಎಣ್ಣೆ ಹಚ್ಚುವ ಕೆಲಸಕ್ಕೆ ಇಟ್ಟರು. ಬಂದವರಿಗೆ ಮೊದಲು ಎಲ್ಲವನ್ನೂ ಹೇಳಿ, ಎಲ್ಲವನ್ನೂ ಕೇಳಿ ಆಮೇಲೆ ಮುಟ್ಟುವ ರೂಢಿ ಬಂದದ್ದು ಆಗ.

ಇಷ್ಟು ವರ್ಷವಾದರೂ ಶಿವರುದ್ರಪ್ಪನವರು ನೆಂಟರಿಷ್ಟರ ಮುಂದೆ ಹೆಂಡತಿಯ ಕೆಲಸವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಡಾಕ್ಟರ ಹತ್ರ ಹೋಗ್ತಾಳೆ" ಎನ್ನುತ್ತಿದ್ದರು. ಮಠದಲ್ಲಿ ಸೇರಿದಾಗ ಜನ ಅವಳು ಔಷಧಿ ಕಟ್ಟಿಕೊಡುವವಳು ಎಂದುಕೊಂಡಿದ್ದರು. ಅವಳೂ ಅದನ್ನು ತಿದ್ದಲು ಹೋಗಲಿಲ್ಲ. ನಾನು ಕೇಳಿದಾಗ, "ಅವ್ರಿಗೆ ಅಷ್ಟಾದ್ರೂ ಇರ್ಲಿ ಬುಡಿ ಟೀಚರ್" ಎಂದಳು. ಆ ಅವರಿಗೇ ಪ್ರತಿದಿನ ಬೆಳಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ, ಕೈಕಾಲಿಗೆ ಎಣ್ಣೆ ನೀವಿ ಬರುತ್ತಿದ್ದಳು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಪಂಡಿತರಿಗೆ ವಯಸ್ಸಾಗಿ ಮಗ ಪವಮಾನ ಚಿಕಿತ್ಸಾಲಯ ವಹಿಸಿಕೊಂಡ. ಅವನೂ ವೈದ್ಯನೇ, ಒಳ್ಳೆಯ ಹುಡುಗ. ಮರದ ಹಲಗೆಯ ಜಾಗಕ್ಕೆ ಸೊಂಟದೆತ್ತರದ ಮೇಜು ತರಿಸಿದ. ಬಗ್ಗುವುದು ತಪ್ಪಿತೆಂದು ಪ್ರೇಮಲೀಲಮ್ಮ ಅವನನ್ನು ಹರಸಿದಳು. ಯೋಗ ಕಲಿಯಲು ಬಂದ ವಿದೇಶದವರು ಆಗ ಊರಲ್ಲಿ ಎಲ್ಲೆಲ್ಲೂ ಇದ್ದರು. ಅವರ ಕಣ್ಣಿಗೆ ಬೀಳಲೆಂದು ಪವಮಾನ ಬೋರ್ಡು ಬದಲಿಸಿದ. 'ಅಭ್ಯಂಗ ಚಿಕಿತ್ಸೆ' ಎಂದಿದ್ದ ಕಡೆ ಕನ್ನಡ, ಇಂಗ್ಲಿಷು ಎರಡರಲ್ಲೂ 'ಆಯುರ್ವೇದಿಕ್ ಮಸಾಜ್' ಎಂದು ದೊಡ್ಡದಾಗಿ ಬರೆಸಿದ.

ತೊಂದರೆ ಶುರುವಾದದ್ದು ಆ ಒಂದು ಪದದಿಂದ. ಫೋನುಗಳು ಬರತೊಡಗಿದವು. ಗಂಡಸಿನ ದನಿ. "ಲೇಡೀಸ್ ಮಾಡ್ತಾರಾ?" ಮೊದಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಹೆಂಗಸ್ರಿಗೆ ಹೆಂಗಸ್ರು, ಗಂಡಸ್ರಿಗೆ ಮರಿಸ್ವಾಮಿ. ಮರಿಸ್ವಾಮಿ ಬೇಕಾದ್ರೆ ಬನ್ನಿ" ಎಂದು ಫೋನು ಇಡುತ್ತಿದ್ದಳು. ಮರಿಸ್ವಾಮಿ ಅಲ್ಲಿ ಗಂಡಸರಿಗೆ ಎಣ್ಣೆ ನೀವುತ್ತಿದ್ದವನು, ಗುಂಗುರು ಮೀಸೆಯ ಆಳು. ಇದನ್ನು ಹೇಳುವಾಗ ಅವಳೂ ನಕ್ಕಿದ್ದಳು, ನಾನೂ ನಕ್ಕಿದ್ದೆ.

ಆಮೇಲೆ ನಗುವ ಹಾಗಿರಲಿಲ್ಲ. ಊರಾಚೆಯ ಬಡಾವಣೆಯೊಂದರಲ್ಲಿ ಮಸಾಜ್ ಎಂದು ಬೋರ್ಡು ಹಾಕಿಕೊಂಡು ಇನ್ನೇನನ್ನೋ ನಡೆಸುತ್ತಿದ್ದವರು ಸಿಕ್ಕಿಬಿದ್ದರೆಂದು ಪೇಪರಿನಲ್ಲಿ ಬಂತು. ಆ ವಾರವೇ ಇಬ್ಬರು ಪೊಲೀಸರು ಚಿಕಿತ್ಸಾಲಯದ ಮುಂದೆ ಜೀಪು ನಿಲ್ಲಿಸಿದರು. ಪವಮಾನ ಹೊರಗೆ ಹೋಗಿದ್ದ. ನಾನು ನನ್ನ ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆ.

"ಏನಮ್ಮ, ಒಳಗೇನು ಮಾಡ್ತೀರಿ ನೀವು?" ಎಂದ ದೊಡ್ಡವನು.

ಅವಳು ಕೈಯೊರೆಸಿಕೊಂಡು ಬಂದು ನಿಂತಳು. ಹೊಸಬರಿಗೆ ಹೇಳುತ್ತಿದ್ದುದನ್ನೇ ಅವನಿಗೂ ಹೇಳಿದಳು. ಚಿಲಕ, ಪಂಚೆ, ಬೆಚ್ಚಗಿನ ಎಣ್ಣೆ, ಜ್ವರ, ನೋವಾದರೆ ಹೇಳಿ, ಎಲ್ಲವನ್ನೂ ಒಂದೂ ಬಿಡದೆ ಅದೇ ದನಿಯಲ್ಲಿ ಹೇಳಿದಳು. ಪೊಲೀಸಿನವನ ಮುಖ ಸಡಿಲವಾಯಿತು. "ನಮ್ಮ ಡ್ಯೂಟಿ ಕಣಮ್ಮ, ಬೇಜಾರು ಮಾಡ್ಕಬ್ಯಾಡಿ" ಎಂದ. ಹೋಗುವಾಗ ಕತ್ತು ಹಿಡಿದುಕೊಂಡು, ಮರಿಸ್ವಾಮಿ ಯಾವ ಹೊತ್ತಿಗೆ ಸಿಗುತ್ತಾನೆ ಎಂದು ಕೇಳಿಕೊಂಡು ಹೋದ.

ಒಳಗೆ ಬಂದ ಮೇಲೆ ಅವಳು ಸ್ಟವ್ವು ಆರಿಸಿಬಿಟ್ಟಳು. "ಇವತ್ತು ಬ್ಯಾಡ ಟೀಚರ್, ನಾಳೆ ಬನ್ನಿ" ಎಂದಳು. ಹೊರಗೆ ಬಂದು ನೋಡಿದರೆ ಎದುರು ಮನೆಗಳ ಕಾಂಪೌಂಡುಗಳ ಮೇಲೆ ತಲೆಗಳು ಕಾಣುತ್ತಿದ್ದವು.

ಅದೇ ಸಮಯಕ್ಕೆ ರಕ್ಷಿತಾಳಿಗೆ ಇಲವಾಲದಿಂದ ಸಂಬಂಧವೊಂದು ಕೂಡಿಬಂದಿತ್ತು. ಹುಡುಗ ಮಹಾಂತೇಶ್, ಹಾಲಿನ ಸೊಸೈಟಿಯಲ್ಲಿ ಕೆಲಸ. ತಂದೆ ವೃಷಭೇಂದ್ರಪ್ಪನವರು ಊರಿನಲ್ಲಿ ಹೆಸರಿದ್ದವರು. ಬಂದು ಹುಡುಗಿಯನ್ನು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು, ಹೂ ಮುಡಿಸಿ ಹೋಗಿದ್ದರು. ಜೀಪಿನ ಸುದ್ದಿ ಅಲ್ಲಿಗೆ ಮುಟ್ಟಿಸಿದವರು ಯಾರೋ ಗೊತ್ತಿಲ್ಲ. ನಡುವೆ ಓಡಾಡುತ್ತಿದ್ದ ಸಿದ್ದಮಲ್ಲಪ್ಪ ಎಂಬುವರು ಬಂದು, "ಮಸಾಜ್ ಮಾಡೋಳ ಮಗಳಂತಲ್ಲ, ನಮಗೆ ಮೊದಲೇ ಯಾಕೆ ಹೇಳಲಿಲ್ಲ ಅಂತಾವ್ರೆ" ಎಂದು ತಲೆತಗ್ಗಿಸಿ ನಿಂತರಂತೆ.

ರಕ್ಷಿತಾ ಅತ್ತಳು, ಕೂಗಾಡಿದಳು. "ಬೇರೆ ಯಾವ ಕೆಲ್ಸನೂ ಸಿಗ್ಲಿಲ್ವಾ ನಿಂಗೆ? ಸೊಪ್ಪು ಮಾರಿದ್ರೂ ಆಗ್ತಿತ್ತಲ್ಲವ್ವ!"

ಮಾರನೇ ದಿನ ಪ್ರೇಮಲೀಲಮ್ಮ ಎಂದಿನಂತೆ ಕೆಲಸಕ್ಕೆ ಬಂದಳು. ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತ ಇದನ್ನೆಲ್ಲ ಹೇಳಿದಳು. ನಾನು ಮಗುಚಿ ಮಲಗಿದ್ದೆ, ಅವಳ ಮುಖ ಕಾಣುತ್ತಿರಲಿಲ್ಲ. "ಅವಳು ಹೇಳಿದ್ರಲ್ಲಿ ತಪ್ಪೇನದೆ" ಎಂದಳು. ಬೆನ್ನಿನ ಉದ್ದಕ್ಕೂ ಒಮ್ಮೆ ನೀವಿ, "ಸೊಪ್ಪು ಮಾರೋಕೆ ಯಾರೂ ಕಲಿಸಿರಲಿಲ್ಲ" ಎಂದಳು. ಹೊರಟಾಗ ಅವಳು ಮತ್ತೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಕರೆದರೂ ತಿರುಗಲಿಲ್ಲ.

ಆ ಭಾನುವಾರ ಮಧ್ಯಾಹ್ನ ನಮ್ಮ ಗೇಟಿನ ಹತ್ತಿರ ಕೋಲಿನ ಸದ್ದು ಕೇಳಿಸಿತು. ಶಿವರುದ್ರಪ್ಪನವರು. ಇಸ್ತ್ರಿ ಮಾಡಿದ ಪಂಚೆ, ತುಂಬುತೋಳಿನ ಅಂಗಿ. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿದಿತ್ತು. ಪಕ್ಕದ ಬೀದಿಯ ಅವರ ಮನೆಗೆ ಇನ್ನು ನಾಲ್ಕೇ ಹೆಜ್ಜೆ ಇದ್ದರೂ ನಡೆಯಲಾರದೆ ನಿಂತುಬಿಟ್ಟಿದ್ದರು. ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟೆ.

"ಇಲವಾಲಕ್ಕೆ ಹೋಗಿದ್ದೆ ಟೀಚರಮ್ಮ" ಎಂದರು.

"ಒಬ್ಬರೇನಾ?"

"ಒಬ್ಬನೇ. ಹುಣಸೂರು ಬಸ್ಸಲ್ಲಿ. ಇಳಿದ ಮೇಲೆ ಅವರ ಮನೆ ಒಳಗಡೆ ಅದೆ, ನಡೆದೆ." ನೀರು ಕುಡಿದು ಲೋಟ ಕೆಳಗಿಟ್ಟರು. "ಅವರ ನಡುಮನೇಲಿ ನಿಂತ್ಕೊಂಡು ಹೇಳ್ದೆ. ನೋಡಿ ಸ್ವಾಮಿ, ಈ ಕೈ ಸತ್ತೋಗಿತ್ತು. ಇದನ್ನ ಎಬ್ಬಿಸಿದ್ದು ನನ್ನ ಹೆಂಡ್ತಿ. ಅವಳು ಮಾಡೋ ಕೆಲಸ ಇದೇ, ಇನ್ನೇನೂ ಅಲ್ಲ ಅಂತ. ಅಂತಂದು ಕೈ ಎತ್ತಿ ತೋರಿಸ್ದೆ."

ನನ್ನೆದುರಿಗೂ ಎತ್ತಿದರು. ಭುಜದ ಮಟ್ಟಕ್ಕೆ ಬಂದು ನಡುಗುತ್ತ ನಿಂತಿತು.

"ಏನಂದ್ರು?"

"ಒಳ್ಳೇ ಜನ. ಕೂರ್ಸಿ ಕಾಫಿ ಕೊಟ್ರು. ನಾವು ನಂಬ್ತೀವಿ ಬುಡಿ, ಆದ್ರೆ ಊರ ಬಾಯಿ ಮುಚ್ಚೋಕಾಗ್ತದಾ ಅಂದ್ರು. ಹುಡುಗ ಬಾಗಿಲ ಹತ್ರ ನಿಂತಿದ್ದ. ಬಸ್ ಸ್ಟಾಪಿನ ತಂಕ ಮೋಟರ್ ಸೈಕಲ್ಲಲ್ಲಿ ಬುಟ್ಟೋದ, ಅಷ್ಟೇ." ಕೋಲಿನ ತುದಿಯಿಂದ ನೆಲ ಕೆರೆಯುತ್ತ, "ಇವಳ ಕೆಲಸ ಏನು ಅಂತ ನಾನು ಹೊರಗಿನೋರ ಮುಂದೆ ಹೇಳಿದ್ದು ಇವತ್ತೇ ಮೊದಲು" ಎಂದರು.

ಮಾರನೇ ದಿನ ನಾನೇ ಪ್ರೇಮಲೀಲಮ್ಮನನ್ನು ಕೇಳಿದೆ. "ಹೋಗಿದ್ರಂತೆ" ಎಂದಳು. "ಯಾರು ಹೋಗು ಅಂದ್ರು ಇವ್ರನ್ನ? ಕಾಲು ನೋಡಿ, ಕಂಬದಂಗೆ ಊದಿತ್ತು. ಕಾಲು ಎತ್ತರಕ್ಕಿಟ್ಟು ಮಲಗ್ಸಿದ್ದಾಯ್ತು." ಬೈಯುತ್ತಲೇ ಇದ್ದಳು. ಬೈದು ಬೈದು ಸುಸ್ತಾದ ಮೇಲೆ ಸೆರಗಿನಿಂದ ಮೂಗೊರೆಸಿಕೊಂಡಳು.

ಬೋರ್ಡಿನ ಮಾತನ್ನು ಅವಳು ಪವಮಾನನ ಹತ್ತಿರ ಒಮ್ಮೆಯೇ ಆಡಿದ್ದು. ಅವನು ಕೂಡಲೇ ಒಪ್ಪಲಿಲ್ಲ. ಆಮೇಲೆ, ತಂದೆ ಹೇಳಿದರೋ ಏನೋ, 'ಮಸಾಜ್' ಅಳಿಸದೆ ಅದರ ಕೆಳಗೆ 'ಸ್ತ್ರೀಯರಿಗೆ ಸ್ತ್ರೀಯರಿಂದ, ಪುರುಷರಿಗೆ ಪುರುಷರಿಂದ' ಎಂದು ಬರೆಸಿದ. ಫೋನುಗಳು ಕಡಿಮೆಯಾದವು. ಪೂರ್ತಿ ನಿಲ್ಲಲಿಲ್ಲ.

ರಕ್ಷಿತಾಳ ಮದುವೆ ಎರಡು ವರ್ಷ ಕಳೆದು ಆಯಿತು. ಹುಡುಗ ಸಿದ್ದಲಿಂಗಸ್ವಾಮಿ ನೀರಿನ ಪಂಪು ರಿಪೇರಿ ಮಾಡುವವನು. ಈ ಸಲ ಶಿವರುದ್ರಪ್ಪನವರು ಬಂದವರು ಚಾಪೆಯ ಮೇಲೆ ಕೂರುವ ಮುಂಚೆಯೇ ಹೆಂಡತಿಯ ಕೆಲಸ ಇಂಥದ್ದು ಎಂದು ಹೇಳಿಬಿಟ್ಟರು. ಹುಡುಗನ ತಾಯಿ, "ಅಯ್ಯೋ, ಹಂಗಾದ್ರೆ ನನ್ನ ಮಂಡಿನೂ ಒಸಿ ನೋಡಿ ಬೀಗರೇ" ಎಂದು ಅಲ್ಲೇ ಕಾಲು ಚಾಚಿದರಂತೆ.

ಆದರೆ ಅಷ್ಟು ಹೊತ್ತಿಗೆ ಪ್ರೇಮಲೀಲಮ್ಮನ ಕೈಗಳೇ ಸೋತಿದ್ದವು. ಹೆಬ್ಬೆರಳಿನ ಬುಡ ಗಂಟುಕಟ್ಟಿತ್ತು. ಬೆಳಗ್ಗೆ ಎದ್ದಾಗ ಬೆರಳುಗಳು ಜೋಮು ಹಿಡಿದಿರುತ್ತಿದ್ದವು, ಕಾಫಿ ಲೋಟ ಜಾರುತ್ತಿತ್ತು. ಕೆಲವು ತಿಂಗಳು ಹೆಬ್ಬೆರಳಿನ ಬದಲು ಮೊಣಕೈ ಊರಿ ನೀವಿದಳು. ನನಗೆ ವ್ಯತ್ಯಾಸ ಗೊತ್ತಾಗುತ್ತಿತ್ತು, ಹೇಳುತ್ತಿರಲಿಲ್ಲ. ಕೊನೆಗೆ ಪವಮಾನನೇ ಅವಳ ಎರಡೂ ಕೈ ಹಿಡಿದು ನೋಡಿ, "ಸಾಕು ಮಾಡಿ ಪ್ರೇಮಲೀಲಮ್ಮ, ಇನ್ನೂ ಮಾಡಿದ್ರೆ ಅನ್ನ ಕಲಸೋಕೂ ಆಗಲ್ಲ" ಎಂದ. ಅವಳ ಜಾಗಕ್ಕೆ ಧನುಶ್ರೀ ಎಂಬ ಯುವತಿ ಬಂದಳು. ಬೇರೆ ಕಡೆ ತರಬೇತಿ ಪಡೆದವಳು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ಧನುಶ್ರೀಯ ಕೈ ಹೇಗಿದೆ ನೋಡಲೆಂದು ಪವಮಾನ ಪ್ರೇಮಲೀಲಮ್ಮನನ್ನೇ ಮೇಜಿನ ಮೇಲೆ ಮಲಗಿಸಿದ. ಅದನ್ನು ಅವಳು ನನಗೆ ಸಂಜೆ ಬಂದು ಹೇಳಿದಳು.

"ಇಷ್ಟು ವರ್ಷದಲ್ಲಿ ನನ್ನ ಮೈಗೆ ಯಾರೂ ಎಣ್ಣೆ ಹಚ್ಚಿರಲಿಲ್ಲ ಟೀಚರ್. ಒತ್ತಿದ್ದು ಸಾಕಾ ಆಂಟಿ, ಜಾಸ್ತಿಯಾಯ್ತಾ ಅಂತ ಕೇಳ್ತಾಳೆ ಆ ಹುಡುಗಿ. ಸಾಕೋ ಜಾಸ್ತಿಯೋ, ನನಗೇನು ಗೊತ್ತು?"

"ಆಮೇಲೆ?"

"ಆಮೇಲೇನು, ನಿದ್ದೆ ಬಂದ್ಬುಡ್ತು. ಗೊರಕೆ ಹೊಡೆದ್ನಂತೆ. ಎಬ್ಬಿಸಿದಾಗ ಎಲ್ಲಿದ್ದೀನಿ ಅಂತ ಗೊತ್ತಾಗಲಿಲ್ಲ." ಹೇಳುವಾಗಲೂ ಕಣ್ಣಲ್ಲಿ ಇನ್ನೂ ನಿದ್ದೆ ಉಳಿದ ಹಾಗಿತ್ತು.

ಎರಡು ಸಾವಿರದ ಎಂಟರಲ್ಲಿ ರಕ್ಷಿತಾ ಹೆರಿಗೆಗೆಂದು ತವರಿಗೆ ಬಂದಳು. ಹೆಣ್ಣುಮಗು. ಬಾಣಂತಿಗೆ ಎಣ್ಣೆ ನೀವಿ ನೀರು ಹಾಕಬೇಕಲ್ಲ, ಬೇರೆಯವರನ್ನು ಕರೆಸೋಣವೆಂದು ಪ್ರೇಮಲೀಲಮ್ಮ ಎಂದರೆ ಮಗಳು ಒಪ್ಪಲಿಲ್ಲ. "ಊರಿಗೆಲ್ಲ ಹಚ್ಚಿದ್ದೀಯ, ನಂಗೆ ಬೇರೆಯೋರು ಯಾಕವ್ವ?" ಎಂದಳು. ಸೊಪ್ಪು ಮಾರು ಎಂದಿದ್ದ ಮಗಳ ಬಾಯಲ್ಲಿ ಈ ಮಾತು ಕೇಳಿ ತಾಯಿಗೆ ಏನನ್ನಿಸಿತೋ, ಬಿಸಿ ಎಣ್ಣೆ ತಂದು ಕೂತಳು. ಸೊಂಟಕ್ಕೆ ಕೈ ಹಚ್ಚಿದಳು. ಒಂದೆರಡು ಸಲ ನೀವುವಷ್ಟರಲ್ಲಿ ಹೆಬ್ಬೆರಳು ಮಡಚಿಕೊಂಡಿತು. ಮತ್ತೆ ಹಚ್ಚಿದಳು. ಮತ್ತೆ ಜಾರಿತು. ರಕ್ಷಿತಾ ತಿರುಗಿ ನೋಡಿದಾಗ ತಾಯಿ ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗಳು ಆ ಕೈಗಳನ್ನು ಒಂದೊಂದಾಗಿ ಟವೆಲಿನಿಂದ ಒರೆಸಿದಳಂತೆ.

ಧನುಶ್ರೀಗೆ ಹೇಳಿ ಕಳಿಸಿದರು. ಅವಳು ಚಿಕಿತ್ಸಾಲಯಕ್ಕೆ ಹೋಗುವ ದಾರಿಯಲ್ಲಿ ದಿನಾ ಬೆಳಗ್ಗೆ ಬಂದು ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರು ಹಾಕಿ ಹೋಗುತ್ತಿದ್ದಳು. ನಾನು ಮಗು ನೋಡಲು ಹೋದ ದಿನ ಬಚ್ಚಲಿನಿಂದ ನೀರಿನ ಸದ್ದು, ಸೀಗೆಪುಡಿಯ ವಾಸನೆ ಬರುತ್ತಿತ್ತು. ಪ್ರೇಮಲೀಲಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಿಂದ ಮಗು ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ಚಾಚಿದ ಕಾಲುಗಳ ನಡುವೆ ಮಲಗಿತ್ತು. ಅವಳೂ ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಶಿವರುದ್ರಪ್ಪನವರು ಅಡುಗೆಮನೆಯ ಬಾಗಿಲಿಗೆ ಬಂದು, ಎಬ್ಬಿಸಬೇಡಿ ಎಂದು ಸನ್ನೆ ಮಾಡಿದರು. ಎಡಗೈಯಲ್ಲಿ ಕಾಫಿ ಸೋಸಿ, ಒಂದು ಲೋಟ ನನಗೆ ಕೊಟ್ಟು, ಇನ್ನೊಂದಕ್ಕೆ ತಟ್ಟೆ ಮುಚ್ಚಿಟ್ಟರು.